ಉಳಿದ ಒಂದು ಚರಣ

ಹಾಡು ಬೆಳಿಗ್ಗೆಯಷ್ಟೇ ಬಿಡುಗಡೆಯಾಗಿತ್ತು. ತಾಪತ್ರಯ ಶುರುವಾದದ್ದು ಅಲ್ಲಿಂದಲೇ.

ಹಾಡಿದಾಕೆ ಅಂಥ ಹೆಸರುವಾಸಿಯೇನಲ್ಲ. ಹಳ್ಳಿಗಾಡಿನವರ ಸುಖದುಃಖವನ್ನು ತಾನೇ ಬರೆದು, ಒಂದೇ ಒಂದು ಗಿಟಾರ್ ಹಿಡಿದು ಹಾಡುವ ಹೆಂಗಸು. ಇಡೀ ಲೋಕದಲ್ಲಿ ಕೇಳುವವರು ಇನ್ನೂರು ಜನ ಇದ್ದರೆ ಹೆಚ್ಚು. ಅವರಲ್ಲೊಬ್ಬ ನಮ್ಮ ಪರೀಕ್ಷಕ. ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಯಾರಿಗೆ ಎಷ್ಟು ಕೇಳಿಸುತ್ತದೆಂದು ಅಳೆಯುವುದು ಅವನ ಕೆಲಸ. ಮನೆಯಲ್ಲಿ ಮಿಕ್ಸಿ, ಬಸ್ಸಿನಲ್ಲಿ ಹಾರನ್ನು. ಆಕೆಯ ಹಾಡನ್ನು ಗದ್ದಲದಲ್ಲಿ ಕೇಳಲು ಅವನಿಗೆ ಮನಸ್ಸೇ ಬರಲಿಲ್ಲ. ಕ್ಲಿನಿಕ್ಕಿನಲ್ಲಿ ಪರೀಕ್ಷೆಯ ಕೋಣೆಯಿತ್ತಲ್ಲ! ಒಂದು ಗಾಜಿನ ಕಿಟಕಿ ಬಿಟ್ಟರೆ ಗೋಡೆಗಳಿಗೆಲ್ಲ ಮೆತ್ತೆ ಹೊದಿಸಿದ, ಹೊರಗೆ ಸಿಡಿಲು ಬಡಿದರೂ ಒಳಗೆ ಗೊತ್ತಾಗದ ಕೋಣೆ. ರೋಗಿಗಳು ಬರುವ ಮೊದಲೇ ಒಳಹೊಕ್ಕು, ಬಾಗಿಲು ಹಾಕಿ, ಹೆಡ್‌ಫೋನ್ ಏರಿಸಿಕೊಂಡ.

ಮೊದಲ ತಂತಿ ಮಿಡಿದದ್ದೇ ತಡ, ಮೈ ಜುಮ್ಮೆಂದಿತು. ತಾಯಿ ಬಿಟ್ಟುಹೋದ ಒಂದು ಕಂಬಳಿಗಾಗಿ ಜಗಳಾಡಿ ಒಂಬತ್ತು ವರ್ಷ ಮಾತು ಬಿಟ್ಟ ಅಕ್ಕತಂಗಿಯರ ಕತೆ. ಅಕ್ಕ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ತಂಗಿಯ ಮನೆಗೆ ನಡೆದು ಹೊರಟಿದ್ದಾಳೆ. ಹಾಡುವ ದನಿಯಲ್ಲಿ ಒಂದಿಷ್ಟೂ ಒನಪಿಲ್ಲ. ಪಕ್ಕದಲ್ಲೇ ಕೂತು ಹೇಳಿದ ಹಾಗಿತ್ತು. ಆಕೆ ಉಸಿರೆಳೆದದ್ದೂ ಕೇಳಿಸಿತು, ತಂತಿಯ ಮೇಲೆ ಬೆರಳು ಜಾರಿದ್ದೂ ಕೇಳಿಸಿತು. ಇಷ್ಟು ಸರಳವಾದದ್ದು ಇಷ್ಟು ದೊಡ್ಡದಾಗಿರಲು ಹೇಗೆ ಸಾಧ್ಯ ಎಂದು ಅವನು ಬೆರಗಾಗಿ ಕೂತುಬಿಟ್ಟ. ಐದನೆಯ ಚರಣ ಮುಗಿಯುವಾಗ ಅಕ್ಕ ತಂಗಿಯ ಬಾಗಿಲು ತಟ್ಟಿದಳು. ಇನ್ನು ಉಳಿದದ್ದು ಒಂದೇ ಚರಣ.

ಬಾಗಿಲು ತೆರೆಯಿತು. ತಂಗಿಯದಲ್ಲ, ಕೋಣೆಯದು.

“ಎಷ್ಟೊತ್ತಿಂದ ಕೂಗ್ತಾ ಇದೀನಿ!” ರಿಸೆಪ್ಷನಿಸ್ಟ್ ಹೆಡ್‌ಫೋನ್ ಕಿತ್ತಳು. ಅವನ ಕಣ್ಣೀರು ಕಂಡವಳೇ ಕಿರುಚಿದಳು. “ಡಾಕ್ಟ್ರೇ, ಬೇಗ ಬನ್ನಿ! ಇವ್ರಿಗೆ ಕಿವಿ ಹೋಗಿದೆ, ಅಳ್ತಿದಾರೆ!”

“ಏನೂ ಆಗಿಲ್ಲಮ್ಮ. ಒಂದೇ ಒಂದು ಚರಣ...”

“ಸುಮ್ನೆ ಕೂತ್ಕೊಳ್ರಿ,” ಎಂದರು ಡಾಕ್ಟರು. “ಬೀಪ್ ಕೇಳ್ದಾಗ ಗುಂಡಿ ಒತ್ತಿ. ನಿಮಗೂ ಹೇಳ್ಕೊಡ್ಬೇಕಾ?”

ಸಾವಿರಾರು ಜನರನ್ನು ಪರೀಕ್ಷಿಸಿದವನು ತಾನೇ ಪರೀಕ್ಷೆಗೆ ಕೂತ. ಆದರೆ ಆ ನಿಶ್ಶಬ್ದದಲ್ಲಿ ಹಾಡು ತಲೆಯೊಳಗೇ ಮತ್ತೆ ಶುರುವಾಯಿತು. ಗಿಟಾರ್ ಮಿಡಿದಲ್ಲೆಲ್ಲ ಬೆರಳು ತಾನಾಗಿ ಗುಂಡಿ ಒತ್ತಿತು. ಬಂದ ಬೀಪು ಹದಿನಾಲ್ಕು, ಅವನು ಒತ್ತಿದ್ದು ನೂರಾ ಆರು ಸಲ.

“ಇಲ್ಲದ ಶಬ್ದ ಕೇಳಿಸ್ತಿದೆ ನಿಮಗೆ,” ಡಾಕ್ಟರು ಮುಖ ಗಂಟಿಕ್ಕಿದರು. “ಎರಡು ವಾರ ಹಾಡು ಗೀಡು ಕೂಡದು. ಮಾತು ಮೀರಿದ್ರೆ ಈ ಕೆಲಸಕ್ಕೆ ಬೇರೆಯವರನ್ನ ನೋಡ್ತೀನಿ.”

“ಸಾರ್, ಆ ಹಾಡೇ ಅಂಥದ್ದು!”

“ಎಂಥದ್ದು? ಎಷ್ಟು ಜೋರಾಗಿ ಇಟ್ಟಿದ್ರಿ ನೋಡೋಣ,” ಎಂದು ಅವನ ಫೋನು, ಹೆಡ್‌ಫೋನ್ ಎತ್ತಿಕೊಂಡು ಒಳಹೋಗಿ ಬಾಗಿಲು ಹಾಕಿಕೊಂಡರು.

ಪರೀಕ್ಷಕ ಗಾಜಿಗೆ ಮೂಗೊತ್ತಿ ನಿಂತ. ಒಂದು ಸ್ವರವೂ ಹೊರಬರಲಿಲ್ಲ. ಆದರೂ ಡಾಕ್ಟರ ಮುಖ ನೋಡಿಯೇ ಯಾವ ಚರಣ ಎಂದು ತಿಳಿಯುತ್ತಿತ್ತು. ಮೂರನೆಯದಕ್ಕೆ ಕನ್ನಡಕ ತೆಗೆದರು. ಐದನೆಯದಕ್ಕೆ ಕುರ್ಚಿಯ ತುದಿಗೆ ಬಂದರು. ಆರನೆಯದಕ್ಕೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಸಂತೋಷಕ್ಕೋ ಸಂಕಟಕ್ಕೋ, ದೇವರೇ ಬಲ್ಲ.

ಆಮೇಲೆ ರಿಸೆಪ್ಷನಿಸ್ಟ್ ಒಳಹೋದಳು, ಆಮೇಲೆ ಇಬ್ಬರು ರೋಗಿಗಳು. ಯಾರೂ ಒಳಹೋದ ಮುಖದಲ್ಲಿ ಹೊರಬರಲಿಲ್ಲ. ಪರೀಕ್ಷಕನ ಎದೆ ಹೆಮ್ಮೆಯಿಂದ ಹಿಗ್ಗಿತು, ಹೊಟ್ಟೆ ಧಗಧಗ ಉರಿಯಿತು.

“ತಂಗಿ ಬಾಗಿಲು ತೆಗೆದ್ಲಾ ಸಾರ್?”

ಡಾಕ್ಟರು ಅವನ ಭುಜದ ಮೇಲೆ ಕೈಯಿಟ್ಟರು. “ಅದನ್ನ ಬಾಯ್ಮಾತಲ್ಲಿ ಹೇಳಿದ್ರೆ ಪಾಪ ಬರತ್ತೆ ಕಣ್ರಿ. ಎರಡು ವಾರ ಬಿಟ್ಟು ನೀವೇ ಕೇಳಿ.” ಫೋನು ಅವರ ಮೇಜಿನ ಡ್ರಾಯರ್ ಸೇರಿತು.

ಸಂಜೆ ಅವನು ಓಡೋಡಿ ಮನೆಗೆ ಬಂದ. ಹೆಂಡತಿಯ ಫೋನಿದೆಯಲ್ಲ! ಬಾಗಿಲು ತೆಗೆದವಳ ಮೂಗು ಕೆಂಪಾಗಿತ್ತು, ಕಿವಿಯಲ್ಲಿ ಇಯರ್‌ಫೋನ್ ಇತ್ತು.

“ಡಾಕ್ಟ್ರು ಫೋನ್ ಮಾಡಿದ್ರು. ಯಾವ ಹಾಡು ನಿಮಗೆ ಕೇಳಿಸ್ಬಾರ್ದು ಅಂತ ತಿಳ್ಕೋಬೇಕಲ್ಲ, ಅದಕ್ಕೇ ಕೇಳ್ದೆ,” ಎಂದು ಬಿಕ್ಕಿದಳು.

“ಕೊನೆಗೆ ಏನಾಯ್ತು? ಅದೊಂದು ಹೇಳಿಬಿಡೇ!”

“ಚೆನ್ನಾಗಿದೆ! ಹೇಳಿದ್ರೂ ಅದು ನಿಮ್ಮ ಕಿವಿಗೇ ತಾನೇ ಹೋಗೋದು?” ಎಂದವಳು ಕಣ್ಣೊರೆಸಿಕೊಂಡು, ಹಾಡನ್ನು ಮೊದಲಿನಿಂದ ಹಾಕಿಕೊಂಡಳು.