ಅಂಗಿಗೆ ಚುಚ್ಚಿದ ಇಂಗ್ಲಿಷ್

ಇಸ್ತ್ರಿ ಅಂಗಡಿಯವನು ಮಾಡಿದ್ದು ಅಂಥ ದೊಡ್ಡ ತಪ್ಪೇನಲ್ಲ. ಗಿರಾಕಿಗಳ ಹೆಸರಿನ ಚೀಟಿ ಚುಚ್ಚುವ ಬದಲು, ಹೆಂಡತಿ ಬಾಯಿಪಾಠಕ್ಕೆಂದು ಬರೆದು ಪಕ್ಕದಲ್ಲಿಟ್ಟಿದ್ದ ಇಂಗ್ಲಿಷ್ ಪದಗಳ ಚೀಟಿಗಳನ್ನು ಬಟ್ಟೆಗೆ ಚುಚ್ಚಿ, ಬೆಳಗಾಗುತ್ತಲೇ ಹಂಚಿ ಬಂದಿದ್ದ. ಯಾರ ಬಟ್ಟೆ ಯಾವುದೆಂದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು. ಹಾಗಾಗಿ ಚೀಟಿ ಓದುವ ಗೋಜಿಗೇ ಹೋಗಿರಲಿಲ್ಲ.

"ರೀ, ನನ್ನ ಚೀಟಿ ಎಲ್ಲಿ?" ಎಂದು ಹೆಂಡತಿ ಕೂಗಿದಾಗಲೇ ಅವನಿಗೆ ತಪ್ಪು ಗೊತ್ತಾದದ್ದು.

ಮಧ್ಯಾಹ್ನ ಅವಳಿಗೆ ಆಸ್ಪತ್ರೆಯ ಕೌಂಟರ್ ಕೆಲಸದ ಪರೀಕ್ಷೆ. ಎರಡು ಸಲ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದಿದ್ದಳು. ಈ ಸಲವೂ ತಪ್ಪಿದರೆ ವಯಸ್ಸು ಮೀರುತ್ತದೆ. 'ಕನ್' ಎಂದು ಶುರುವಾಗುವ ಪದಗಳಂತೂ ಅವಳ ಪಾಲಿಗೆ ಯಮ.

"ಆ ಪದಗಳೆಲ್ಲಾ ಒಂದೇ ಮನೆ ಮಕ್ಕಳ ಥರ ಕಣ್ರೀ, ಮುಖ ನೋಡಿದ್ರೆ ಯಾರು ಯಾರು ಅಂತ್ಲೇ ಗೊತ್ತಾಗಲ್ಲ. ಓಡಿ, ತನ್ನಿ!"

ಓಡಿದ.

ಬ್ಯಾಂಕ್ ಗುಮಾಸ್ತರ ಮನೆಯಲ್ಲಿ ಅವರ ಅತ್ತೆ ಪೊರಕೆ ಹಿಡಿದು ನಿಂತಿದ್ದರು. ಗುಮಾಸ್ತರು ಕಾಲರಿನಲ್ಲಿ 'ಕನ್ಫೆಸ್: ತಪ್ಪು ಒಪ್ಪಿಕೋ' ಎಂಬ ಚೀಟಿ ನೋಡಿ, ಗುಟ್ಟು ರಟ್ಟಾಯಿತೆಂದು ಹೆದರಿ, ಅತ್ತೆಯ ಗಿಳಿ ತಾನಾಗಿ ಹಾರಲಿಲ್ಲ, ಪಂಜರ ತೆಗೆದವನು ನಾನೇ ಎಂದು ಬಾಯಿಬಿಟ್ಟಿದ್ದರು.

"ನಿನ್ನ ಮನೆ ಹಾಳಾಗ! ಅಂಗಿ ಇಸ್ತ್ರಿ ಮಾಡು ಅಂದ್ರೆ ನನ್ನ ಬಾಳಿಗೇ ಬರೆ ಎಳೆದೆಯಲ್ಲಯ್ಯಾ!" ಎಂದರು ಗುಮಾಸ್ತರು, ಮಂಚದ ಕೆಳಗಿನಿಂದ. ಚೀಟಿ ಅತ್ತೆಯ ಮುಷ್ಟಿಯಲ್ಲಿತ್ತು. ಕೇಳಲು ಇಸ್ತ್ರಿಯವನಿಗೆ ಧೈರ್ಯ ಬರಲಿಲ್ಲ.

ನಿವೃತ್ತ ಹೆಡ್‌ಮಾಸ್ತರು ಮಗಳ ಪ್ರೇಮವಿವಾಹಕ್ಕೆ ಸುತರಾಂ ಒಲ್ಲೆ ಎಂದು ಮುಖ ಊದಿಸಿಕೊಂಡು ಕೂತಿದ್ದವರು. ಕೋಟಿನ ಮೇಲೆ 'ಕನ್ಸೆಂಟ್: ಒಪ್ಪಿಗೆ ಕೊಡು' ಕಂಡು, ಮಗಳೇ ಬರೆದಳೆಂದು ಕರಗಿ ನೀರಾಗಿದ್ದರು. ಅಲ್ಲ, ನಾನು ಬರೆದಿಲ್ಲ ಎನ್ನುವಷ್ಟು ದಡ್ಡಿಯೇ ಅವಳು? ಇಬ್ಬರೂ ಚೀಟಿ ಹಿಡಿದು ಅಳುತ್ತಿದ್ದರು. ಇಸ್ತ್ರಿಯವನೂ ಒಂದಿಷ್ಟು ಅತ್ತು ಹೊರಬಿದ್ದ.

ಕೊನೆಗೆ ವಕೀಲರು. ಅವರ ಕರಿ ಕೋಟಿಗೆ ಹೋಗಿದ್ದದ್ದು 'ಕನ್ಸೀಲ್: ಮುಚ್ಚಿಡು'. ಅವರು ಕಿಟಕಿಯನ್ನು ಇಷ್ಟೇ ಇಷ್ಟು ತೆರೆದು ಪಿಸುಗುಟ್ಟಿದರು.

"ನಿಂಗ್ಯಾರಯ್ಯಾ ಹೇಳಿದ್ದು?"

"ಯಾವ ವಿಷಯ ಸಾರ್?"

"ಭೇಷ್! ಹಾಗೇ ಇರು. ಚೀಟಿ ಸುಟ್ಟಾಯ್ತು." ಕಿಟಕಿ ಮುಚ್ಚಿತು.

ಬರಿಗೈಯಲ್ಲಿ ಬಂದವನು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ಅವಳು ಬೈಯಲೂ ಇಲ್ಲ, ಚಪ್ಪಲಿ ಮೆಟ್ಟಿ ಪರೀಕ್ಷೆಗೆ ಹೊರಟೇಬಿಟ್ಟಳು. ಅವಳ ಕನಸಿಗೆ ತಾನೇ ಕಲ್ಲು ಹಾಕಿದೆನಲ್ಲ ಎಂದು ಅವನು ಕೊರಗಿದ. ಅದೇ ಯೋಚನೆಯಲ್ಲಿ ಯಾರದೋ ಪ್ಯಾಂಟು ಸುಟ್ಟ.

ಸಂಜೆ ಅವಳು ಕುಣಿಯುತ್ತ ಬಂದಳು. "ಮೂರೂ ಪದ ಬಂದಿತ್ತು ಕಣ್ರೀ! ಕನ್ಫೆಸ್ ಅಂದ ತಕ್ಷಣ ಮಂಚದ ಕೆಳಗಿನ ಗುಮಾಸ್ತರು ಕಂಡ್ರು. ಕನ್ಸೆಂಟ್‌ಗೆ ಅಳೋ ಮೇಷ್ಟ್ರು, ಕನ್ಸೀಲ್‌ಗೆ ವಕೀಲರ ಕಿಟಕಿ. ಒಂದೂ ಅದಲು ಬದಲಾಗಲಿಲ್ಲ. ಎಷ್ಟು ಬಾಯಿಪಾಠ ಮಾಡಿದ್ರೂ ಹತ್ತದ್ದು ನಿಮ್ಮಿಂದ ತಲೆಗೆ ಹತ್ತಿತು. ಈ ಸಲ ಕೆಲಸ ಸಿಕ್ಕೇ ಸಿಗುತ್ತೆ!"

ಅಬ್ಬಾ! ಅವನ ಕಣ್ಣು ತುಂಬಿ ಬಂತು, ಎದೆಯೂ ಉಬ್ಬಿತು.

"ಮುಂದಿನ ವಾರ ಎರಡನೇ ಪೇಪರ್," ಎಂದಳು ಅವಳು, ಹೊಸ ಚೀಟಿಗಳ ಕಟ್ಟನ್ನೂ ಗುಂಡುಪಿನ್ನಿನ ಡಬ್ಬಿಯನ್ನೂ ಅವನತ್ತ ತಳ್ಳುತ್ತ. "ಅದಕ್ಕೆ 'ಡಿಸ್' ಪದಗಳು."

ಮೇಲಿನ ಚೀಟಿಯಲ್ಲಿ 'ಡಿಸ್‌ಮಿಸ್: ಕೆಲಸದಿಂದ ತೆಗೆದುಹಾಕು' ಎಂದಿತ್ತು.

"ರೀ, ಪೊಲೀಸ್ ಇನ್ಸ್‌ಪೆಕ್ಟರ್ ಯೂನಿಫಾರಂ ಇಸ್ತ್ರಿಗೆ ಬಂದಿದ್ಯಾ?"