ಇಂಚರಕ್ಕೆ ಇಂಚು, ಮೀಟೋದಕ್ಕೆ ಮೀಟರು

ಮಾವನ ಮಗಳನ್ನು ಮದುವೆಯಾದವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅದರಲ್ಲೇನು ಹೆಚ್ಚುಗಾರಿಕೆ? ಅತ್ತೆಗೇ ಮದುವೆ ಮಾಡಿಸಿ, ಗಂಡನ ಮನೆಗೆ ಕಳಿಸಿಕೊಟ್ಟೇ ತೀರುತ್ತೇನೆಂದು ಪಣ ತೊಟ್ಟ ಅಳಿಯ ಈ ಭೂಮಂಡಲದಲ್ಲಿ ಯಾರಾದರೂ ಇದ್ದರೆ ಅದು ಎಲ್ಪಿಡಿಯೊ ಎಂಬ ನಾನೊಬ್ಬನೇ!

ನಮ್ಮದು ಮಕ್ತಾನ್ ದ್ವೀಪದ ಅಬುನೊ. ಇಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಗಿಟಾರ್ ಮಾಡುವವನ ತಗಡಿನ ಸೂರಿನ ಮೇಲೇ ಬೀಳುತ್ತದೆ. ಅವನೂ ತಿರುಗಿ ಎಸೆಯುತ್ತಾನೆ, ಆದರೆ ಅಳೆದು ಎಸೆಯುತ್ತಾನೆ. ನನ್ನ ಮನೆಯ ಮುಂದಿನ ಕೋಣೆಗೆ ಬೆಳಕೂ ಚೆನ್ನ, ಗಾಳಿಯೂ ಚೆನ್ನ. ಗಿಟಾರಿನ ವಾರ್ನಿಷ್ ಒಣಗಿಸಲು ಹೇಳಿ ಮಾಡಿಸಿದ ಜಾಗ. ಆದರೆ ಅಲ್ಲಿರುವುದು ನನ್ನ ಅತ್ತೆ ಪೂರಿಂಗ್. ಮಾವ ತೀರಿಕೊಂಡ ಮೇಲೆ "ನಾಲ್ಕು ದಿನ ಇದ್ದು ಹೋಗ್ತೀನಿ" ಎಂದು ಬಂದವರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಇದ್ದರೆ ಇರಲಿ ಬಿಡಿ, ನಾನೇನು ಅಷ್ಟು ಕೆಟ್ಟವನಲ್ಲ. ಆದರೆ ಅವರಿಗೊಂದು ಚಟ. ಗಿರಾಕಿ ಬಂದು ಗಿಟಾರ್ ಕೈಗೆತ್ತಿಕೊಳ್ಳುವುದೇ ತಡ, ಕಿಟಕಿಯಿಂದ ಕೈ ಚಾಚಿ ಅದರ ಬೆನ್ನಿಗೆ ಟೊಕ್ ಟೊಕ್ ಎಂದು ಬಡಿದು, ಘನ ನ್ಯಾಯಾಲಯದಂತೆ ತೀರ್ಪು ಕೊಡುತ್ತಾರೆ.

"ಇದು ಗಿಟಾರಾ? ನಾನೇನೋ ಕೋಳಿಗೂಡು ಅಂದ್ಕೊಂಡೆ!"

ಗಿರಾಕಿ ನೆಟ್ಟಗೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಹೀಗೆ ಪಕ್ಕದ ಅಂಗಡಿಯವನು ಎರಡು ಮಹಡಿ ಕಟ್ಟಿಸಿದ.

ಇಂಥ ಹೊತ್ತಿನಲ್ಲಿ ದೇವರು ಕಣ್ಣು ಬಿಟ್ಟ. ಒಲಾಂಗೊ ದ್ವೀಪದ ಮಮೆರ್ತೊ ಎಂಬ ವಿಧುರರು, ಜೀವಮಾನವೆಲ್ಲ ದೋಣಿ ಓಡಿಸಿ ಈಗ ಕೈಕಟ್ಟಿ ಕೂತವರು, ಒಣಮೀನು ಕೊಡುವ ನೆಪದಲ್ಲಿ ಅತ್ತೆಯ ಕಿಟಕಿಯ ಬಳಿ ನಿಲ್ಲತೊಡಗಿದರು. ಮೊದಮೊದಲು ವಾರಕ್ಕೊಮ್ಮೆ ಮೀನು ಬಂತು, ಆಮೇಲೆ ದಿನಾ ಬಂತು. ನಮ್ಮ ಮನೆಯ ಬೆಕ್ಕು ಕೂಡ ಸಾಕಪ್ಪಾ ಸಾಕು ಎಂದು ಮುಖ ತಿರುಗಿಸಿತು. ನನಗೆ ಮಾತ್ರ ಆ ಮೀನಿನ ವಾಸನೆ ಮಲ್ಲಿಗೆಯಂತಿತ್ತು. ಯಾಕೆಂದರೆ ಒಲಾಂಗೊಗೂ ಅಬುನೊಗೂ ನಡುವೆ ಸಮುದ್ರವಿದೆ! ಅಷ್ಟು ನೀರು ದಾಟಿ ಬಂದು ಯಾವ ಅತ್ತೆಯೂ ಗಿಟಾರಿನ ಬೆನ್ನು ಬಡಿಯಲಾರಳು.

ಅತ್ತೆಯೂ ಮೆತ್ತಗಾಗಿದ್ದರು. ಆದರೆ ಒಂದು ಷರತ್ತು ಹಾಕಿದರು.

"ನನ್ನ ಮೊದಲ್ನೇ ಗಂಡ ಕಿಟಕಿ ಕೆಳಗೆ ನಿಂತು, ಗಿಟಾರ್ ಬಾರಿಸಿ, ಹಾಡಿ ಕೇಳಿದ್ದ. ಹಾಡಿ ಕೇಳ್ದೆ ಇರೋವ್ರಿಗೆ ನಾನು ಹೂಂ ಅನ್ನೋಳಲ್ಲ. ಕೇಳೋದಾದ್ರೆ ಈಸ್ಟರ್ ಉಪವಾಸ ಶುರುವಾಗೋಕ್ಕೆ ಮುಂಚೆ ಕೇಳ್ಲಿ. ಆಮೇಲೆ ಮದುವೆ ಮಾತೇ ಇಲ್ಲ. ಉಪವಾಸ ಮುಗಿಯೋ ಹೊತ್ಗೆ ನನ್ನ ಮನಸ್ಸು ಹೇಗಿರುತ್ತೋ ಯಾರಿಗ್ಗೊತ್ತು!"

ಮಮೆರ್ತೊ ನನ್ನ ಕೈ ಹಿಡಿದುಕೊಂಡರು. "ಅಳಿಯಂದ್ರೇ, ನನ್ಹತ್ರ ಗಿಟಾರಿಲ್ಲ. ಇದ್ದವನ್ನೆಲ್ಲಾ ಸಿಟ್ಟಲ್ಲಿ ಸಮುದ್ರಕ್ಕೆ ಎಸೆದ್ಬಿಟ್ಟೆ. ಒಂದೂ ನೆಟ್ಟಗಿರಲಿಲ್ಲ!"

"ಚಿಂತೆ ಬಿಡಿ! ಇಡೀ ದ್ವೀಪದಲ್ಲೇ ಇಲ್ಲದಂಥ ಗಿಟಾರ್ ಮಾಡಿಕೊಡ್ತೀನಿ!" ಎಂದು ಎದೆ ತಟ್ಟಿಕೊಂಡೆ. ಆ ಮಾತು ಅಕ್ಷರಶಃ ನಿಜವಾಗುತ್ತದೆಂದು ಆಗ ನನಗೆ ತಿಳಿದಿರಲಿಲ್ಲ.

ಉಪವಾಸಕ್ಕೆ ಉಳಿದಿದ್ದ ಕಾಲ ತೀರಾ ಕಡಿಮೆ. ಒಬ್ಬನೇ ಮಾಡಿದರೆ ಮುಗಿಯುವಂತಿರಲಿಲ್ಲ. ನನ್ನ ಹೆಂಡತಿ ರೋಸೆಂಡಾ ಕೂಡ ಗಿಟಾರ್ ಮಾಡುವವಳೇ, ಮದುವೆಗೆ ಮುಂಚೆ ಗಿಟಾರ್ ಕಾರ್ಖಾನೆಯಲ್ಲಿ ದುಡಿದವಳು. ಆದರೆ ನಾವಿಬ್ಬರೂ ಅಲ್ಲಿಯವರೆಗೆ ಸೇರಿ ಒಂದೇ ಒಂದು ಗಿಟಾರನ್ನೂ ಮಾಡಿರಲಿಲ್ಲ. ಅವಳ ಬೆಂಚು ಅವಳಿಗೆ, ನನ್ನ ಬೆಂಚು ನನಗೆ. ಅವಳ ಅಳತೆಯ ಟೇಪನ್ನು ನಾನು ಮುಟ್ಟುವಂತಿಲ್ಲ, ನನ್ನ ಟೇಪನ್ನು ಅವಳು ಮೂಸಿಯೂ ನೋಡುವುದಿಲ್ಲ. ಈಗ ವಿಧಿಯಿಲ್ಲದೆ ಕೆಲಸ ಹಂಚಿಕೊಂಡೆವು. ಕೊರಳು ಅವಳ ಪಾಲಿಗೆ, ಹೊಟ್ಟೆ ನನ್ನ ಪಾಲಿಗೆ.

ಇಲ್ಲಿ ನಮ್ಮ ಕಸುಬಿನ ಗುಟ್ಟೊಂದನ್ನು ಹೇಳಲೇಬೇಕು. ಗಿಟಾರಿನ ಪ್ರಾಣವಿರುವುದು ತಂತಿಯ ಉದ್ದದಲ್ಲಿ. ಕೊರಳಿನ ತುದಿಯ ಎಲುಬಿನ ಪಟ್ಟಿಯಿಂದ ಹೊಟ್ಟೆಯ ಮೇಲೆ ತಂತಿ ಕಟ್ಟುವ ಬ್ರಿಡ್ಜ್ ಎಂಬ ಮರದ ತುಂಡಿನವರೆಗೆ ತಂತಿ ಎಷ್ಟುದ್ದವೋ, ಅದಕ್ಕೆ ತಕ್ಕಂತೆಯೇ ಕೊರಳಿನ ಮೇಲೆ ಬೆರಳಿಡುವ ಲೋಹದ ಗೆರೆಗಳನ್ನು ಕೂರಿಸಬೇಕು. ನನ್ನಪ್ಪನ ಕಾಲದಿಂದಲೂ ನಮ್ಮ ಮನೆಯಲ್ಲಿ ಆ ಉದ್ದ ಇಪ್ಪತ್ತಾರು ಇಂಚು. ರೋಸೆಂಡಾಳ ಕಾರ್ಖಾನೆಯಲ್ಲಿ ಆರುನೂರ ಐವತ್ತು ಮಿಲಿಮೀಟರು. ಎರಡಕ್ಕೂ ನಡುವಿನ ವ್ಯತ್ಯಾಸ ಒಂದು ಕಿರುಬೆರಳಿನಗಲ. ಸಂಸಾರ ಒಡೆಯಲು ಅಷ್ಟು ಜಾಗ ಧಾರಾಳವಾಗಿ ಸಾಕು!

"ಇಪ್ಪತ್ತಾರು ಇಂಚು," ಎಂದೆ.

"ಆರುನೂರ ಐವತ್ತು," ಎಂದಳು.

"ಇಂಚಲ್ಲಿ ಅಳೆದ್ರೆ ತಾನೇ ಕಣೇ ಇಂಚರ ಬರೋದು?"

"ತಂತಿ ಮೀಟೋದು ತಾನೇ? ಅದಕ್ಕೇ ಅದನ್ನ ಮೀಟರು ಅನ್ನೋದು!"

"ನಮ್ಮಪ್ಪ ಇಂಚಲ್ಲೇ ಮಾಡಿದ್ದು. ಅವರ ಗಿಟಾರು ಮನಿಲಾವರೆಗೂ ಹೋಗಿತ್ತು, ಗೊತ್ತಾ?"

"ಗೊತ್ತು. ಮುಂದಿನ ಹಡಗಿನಲ್ಲೇ ವಾಪಸ್ ಬಂದಿದ್ದೂ ಗೊತ್ತು!"

"ನಿನ್ನ ಮಿಲಿಮೀಟರು ಯಾರ ಕಣ್ಣಿಗೆ ಕಾಣುತ್ತೆ? ಇರುವೆಗೆ ಚಪ್ಪಲಿ ಹೊಲಿಯೋಕ್ಕೆ ಸರಿ ಅದು!"

"ನಿಮ್ಮ ಇಂಚಿಗೆ ಅರ್ಧ, ಕಾಲು, ಅರೆಕಾಲು, ಅರೆಕಾಲಲ್ಲಿ ಅರ್ಧ! ನೀವು ಗಿಟಾರ್ ಮಾಡ್ತಿದ್ದೀರೋ, ಬೆಣ್ಣೆ ಮಾರ್ತಿದ್ದೀರೋ?"

ಮುಂದಿನ ಕೋಣೆಯಿಂದ ಅತ್ತೆಯ ದನಿ ಬಂತು. "ಅನ್ನಕ್ಕೆ ನೀರು ನಾನು ಬೆರಳ ಗೆಣ್ಣಲ್ಲಿ ಅಳೀತೀನಿ. ಒಂದಿನಾನಾದ್ರೂ ಗಂಜಿಯಾಗಿದ್ಯಾ? ಇಬ್ಬಿಬ್ರು ಸೇರಿ, ಎರಡೆರಡು ಟೇಪ್ ಇಟ್ಕೊಂಡು ಕೋಳಿಗೂಡೇ ಮಾಡ್ತೀರಲ್ಲಾ!"

ರೋಸೆಂಡಾ ಟೇಪನ್ನು ಬೆಂಚಿನ ಮೇಲೆ ಕುಕ್ಕಿ ಒಳಗೆ ಹೋದಳು. ನಾನೂ ಸುತ್ತಿಗೆ ಕುಕ್ಕಿ ಹೊರಗೆ ಹೋದೆ. ಸುತ್ತಿಗೆ ಕುಕ್ಕಿದ್ದು ನನ್ನ ಕಾಲಿನ ಮೇಲೆ ಎಂಬುದು ಬೇರೆ ಮಾತು.

ಹೊರಗೆ ಕೂತು ಯೋಚಿಸಿದೆ. ಹೆಂಡತಿ ಮುನಿಸಿಕೊಂಡರೆ ಕೊರಳಿಲ್ಲ. ಕೊರಳಿಲ್ಲದಿದ್ದರೆ ಗಿಟಾರಿಲ್ಲ. ಗಿಟಾರಿಲ್ಲದಿದ್ದರೆ ಹಾಡಿಲ್ಲ, ಹಾಡಿಲ್ಲದಿದ್ದರೆ ಮದುವೆಯಿಲ್ಲ. ಮದುವೆಯಿಲ್ಲದಿದ್ದರೆ ಅತ್ತೆ ಇಲ್ಲೇ! ಮೈ ಜುಮ್ಮೆಂದಿತು. ಒಂದು ಕಿರುಬೆರಳಿನಗಲಕ್ಕೆ ಬಾಳೆಲ್ಲ ಕೋಳಿಗೂಡು ಅನ್ನಿಸಿಕೊಳ್ಳಬೇಕೆ? ಗಂಡಸಾದವನು ಒಂದು ಸಲ ಸೋತರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಸರಿ, ಅವಳ ಮಿಲಿಮೀಟರಿನಲ್ಲೇ ಮಾಡಿಬಿಡುತ್ತೇನೆ ಎಂದು ನಿರ್ಧರಿಸಿದೆ. ಆದರೆ ಈಗಲೇ ಹೇಳಿದರೆ ಅವಳು ತಲೆಯ ಮೇಲೆ ಕೂರುತ್ತಾಳೆ. ಗಿಟಾರ್ ಮುಗಿದ ಮೇಲೆ ಗಂಭೀರವಾಗಿ "ನಿನಗೋಸ್ಕರ ಮಾಡಿದೆ ಕಣೇ" ಎಂದರೆ ಅವಳ ಕಣ್ಣಲ್ಲಿ ನೀರು ಬರಬೇಕು! ಆ ನೀರಿನ ಆಸೆಗೆ ಬಾಯಿ ಹೊಲಿದುಕೊಂಡೆ.

ಮಾರನೆಯ ದಿನದಿಂದ ಮನೆಯ ಹವೆಯೇ ಬದಲಾಯಿತು. ರೋಸೆಂಡಾ ತಾನಾಗಿಯೇ ಬೆಂಚಿಗೆ ಬಂದು ಕೊರಳು ಕೆತ್ತತೊಡಗಿದಳು. ನನ್ನನ್ನು ಕಂಡರೆ ಒಳಗೊಳಗೇ ನಗುತ್ತಾಳೆ. ಊಟಕ್ಕೆ ಕೂತರೆ ಮೀನಿನ ದೊಡ್ಡ ತುಂಡು ನನ್ನ ತಟ್ಟೆಗೇ ಬೀಳುತ್ತದೆ. ಪಾಪ, ನಾನು ಸೋತದ್ದು ಅವಳಿಗೆ ಹೇಗೋ ತಿಳಿದುಹೋಗಿದೆ ಎಂದುಕೊಂಡು ನಾನೂ ನಕ್ಕೆ. ನಾನು ನಕ್ಕಿದ್ದಕ್ಕೆ ಅವಳು ಮತ್ತಷ್ಟು ನಕ್ಕಳು. ಹೊಸದಾಗಿ ಮದುವೆಯಾದವರೂ ನಮ್ಮಷ್ಟು ಹಲ್ಲು ಕಿರಿದಿರಲಾರರು.

ಹಲಸಿನ ಮರದ ಹೊಟ್ಟೆ ತಯಾರಾಯಿತು. ಕೊರಳು ಹೊಟ್ಟೆಗೆ ಸೇರಿತು. ಕೊನೆಗೆ ಬ್ರಿಡ್ಜ್ ಅಂಟಿಸುವುದೊಂದು ಉಳಿಯಿತು. ರೋಸೆಂಡಾ ಮಾರುಕಟ್ಟೆಗೆ ಹೋದ ಹೊತ್ತು ನೋಡಿ, ಅವಳ ಟೇಪನ್ನೇ ಕದ್ದು ತಂದು, ಎಲುಬಿನ ಪಟ್ಟಿಯಿಂದ ಸರಿಯಾಗಿ ಆರುನೂರ ಐವತ್ತು ಮಿಲಿಮೀಟರಿಗೆ ಗೆರೆ ಎಳೆದು, ಬ್ರಿಡ್ಜನ್ನು ಅಂಟಿಸಿ, ಟೇಪನ್ನು ಇದ್ದಲ್ಲೇ ಇಟ್ಟೆ.

ಹಾಡುವ ದಿನ ಬಂದೇಬಿಟ್ಟಿತು. ಬೆಳದಿಂಗಳಲ್ಲಿ ಹಾಡಬೇಕಾದದ್ದು ಪದ್ಧತಿ. ಆದರೆ ಒಲಾಂಗೊಗೆ ಕೊನೆಯ ದೋಣಿ ಹೊತ್ತು ಮುಳುಗುವ ಮುಂಚೆಯೇ ಹೊರಡುತ್ತದೆ. ಹಾಗಾಗಿ ಮಮೆರ್ತೊ ತಮ್ಮ ಹುಣ್ಣಿಮೆಯ ಹಾಡನ್ನು ಮಧ್ಯಾಹ್ನ ಮೂರು ಗಂಟೆಯ ಸುಡುಬಿಸಿಲಿಗೆ ಇಟ್ಟುಕೊಂಡಿದ್ದರು. ಊಟ ಮುಗಿಸಿ ನಾನು ತಂತಿ ಕಟ್ಟಿದೆ. ಬೆರಳಿಡದೆ ತಂತಿಗಳನ್ನು ಮೀಟಿದರೆ ಆಹಾ, ದೇವದೂತರು ಇಳಿದು ಬಂದಂತಿತ್ತು! ಗೆರೆಯ ಮೇಲೆ ಬೆರಳಿಟ್ಟು ಮೀಟಿದೆ. ದೇವದೂತರು ಕಾಲು ಜಾರಿ ಬಿದ್ದಂತಾಯಿತು! ಬೆರಳು ಮೇಲಮೇಲಕ್ಕೆ ಹೋದಷ್ಟೂ ಶ್ರುತಿಯೂ ಹದ್ದು ಮೀರಿ ಏರುತ್ತಿತ್ತು.

"ರೋಸೆಂಡಾ! ಏನೇ ಇದು ಕೊರಳು? ಎಲ್ಲಿ ಕೂರಿಸಿದೀಯಾ ಗೆರೆಗಳನ್ನ?"

"ಎಲ್ಲಿ ಕೂರಿಸ್ಬೇಕೋ ಅಲ್ಲೇ! ನಿಮ್ಮ ಬ್ರಿಡ್ಜ್ ನೋಡ್ಕೊಳಿ ಮೊದ್ಲು!"

"ಬ್ರಿಡ್ಜ್ ಸರಿಯಾಗೇ ಇದೆ. ನಿನಗೋಸ್ಕರ ಅಂತ ಮಿಲಿಮೀಟರಲ್ಲಿ ಇಟ್ಟಿದೀನಿ ಕಣೇ!"

ಅವಳ ಕಣ್ಣಲ್ಲಿ ನೀರು ಬಂತು. ನಾನು ಬಯಸಿದ ನೀರೇ, ಆದರೆ ಬಂದ ಕಾರಣ ಬೇರೆ.

"ಅಯ್ಯೋ ನಿಮ್ಮ ಮನೆ ಕಾಯ್ವಾಗ! ನಾನು ನಿಮಗೋಸ್ಕರ ಅಂತ ಗೆರೆಗಳನ್ನೆಲ್ಲಾ ಇಂಚಲ್ಲಿ ಕೂರಿಸಿದೀನಲ್ರೀ! ನಿಮ್ಮ ಟೇಪ್ ಕದ್ದು ತಂದು!"

"ಮತ್ತೆ ಒಳಗೊಳಗೇ ನಗ್ತಿದ್ದಿದ್ದು?"

"ನಾನು ಸೋತಿದ್ದು ನಿಮಗೆ ಗೊತ್ತಾಗಿದೆ ಅಂತ! ನೀವ್ಯಾಕ್ರೀ ನಗ್ತಿದ್ರಿ?"

"ನಾನೂ ಅದಕ್ಕೇ!"

ನಮ್ಮ ದಾಂಪತ್ಯದಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಸಲ ಸೋತದ್ದು ಅದೇ ಮೊದಲು. ಇಬ್ಬರಲ್ಲಿ ಒಬ್ಬರಾದರೂ ಹಟ ಹಿಡಿದಿದ್ದರೆ ಗಿಟಾರ್ ನೆಟ್ಟಗಿರುತ್ತಿತ್ತು!

"ಇನ್ಮೇಲೆ ಈ ಪ್ರೀತಿಗೀತಿ ಬೇಡ ಕಣ್ರೀ," ಎಂದು ರೋಸೆಂಡಾ ಮೂಗೊರೆಸಿಕೊಂಡಳು. "ನೆಟ್ಟಗೆ ಜಗಳಾನೇ ಆಡೋಣ."

ಬ್ರಿಡ್ಜ್ ಕಿತ್ತು ಮತ್ತೆ ಅಂಟಿಸಬೇಕೆಂದರೆ ಅಂಟು ಒಣಗಲು ಒಂದು ದಿನ ಬೇಕು. ಮಾರನೆಯ ದಿನವೇ ಉಪವಾಸ ಶುರು! ಏನು ಮಾಡುವುದೆಂದು ತಲೆಯ ಮೇಲೆ ಕೈ ಹೊತ್ತು ಕೂತಿರುವಾಗಲೇ ಗೇಟಿನ ಸದ್ದಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಒಂದು ಕೈಯಲ್ಲಿ ಹೂವು, ಇನ್ನೊಂದು ಕೈಯಲ್ಲಿ ಕೊಡೆ. ಮಮೆರ್ತೊ! ಹಿಂದೆಯೇ ಇಡೀ ಬೀದಿ ಬಂದಿತ್ತು. ಎದುರು ಮನೆಯವರು ತಮ್ಮ ಕರೋಕೆ ಹಾಡಿನ ಯಂತ್ರವನ್ನೂ ಗೌರವದಿಂದ ಆರಿಸಿ, ಕುರ್ಚಿ ತಂದು ಹಾಕಿಕೊಂಡು ಕೂತಿದ್ದರು.

"ಇನ್ನೂ ವಾರ್ನಿಷ್ ಒಣಗಿಲ್ಲ!" ಎಂದು ಗಿಟಾರನ್ನು ಬೆನ್ನ ಹಿಂದೆ ಅಡಗಿಸಿದೆ.

"ಅಂಟಿಕೊಂಡ್ರೆ ಇನ್ನೂ ಒಳ್ಳೇದು. ಬಿಟ್ಟು ಹೋಗಲ್ಲ!" ಎಂದು ಕಿತ್ತುಕೊಂಡೇಬಿಟ್ಟರು.

ಕಿಟಕಿ ತೆರೆಯಿತು. ಅತ್ತೆ ತಲೆಗೆ ಹೂ ಮುಡಿದು, ಮುಖಕ್ಕೆ ಪೌಡರ್ ಬಳಿದು, ಕೆನ್ನೆಗೆ ಕೈಕೊಟ್ಟು ನಿಂತಿದ್ದರು. ಇಷ್ಟು ದಿನ ತಮಾಷೆಯಾಗಿ ಕಂಡದ್ದು ಆಗ ಹಾಗೆ ಕಾಣಲಿಲ್ಲ. ಇನ್ನೊಂದು ಕೈಯಿಂದ ಮುಡಿದ ಹೂವನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತಿದ್ದರು. ಈ ಗಿಟಾರ್ ಕೇಳಿದ ಮೇಲೆ ಆ ಕಿಟಕಿ ಮುಚ್ಚಿದರೆ ಆ ಪಾಪ ನನ್ನದೇ! ರೋಸೆಂಡಾ ನನ್ನ ತೋಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಳು.

ಮಮೆರ್ತೊ ಹಾಡುವುದನ್ನು ಅಲ್ಲಿಯವರೆಗೆ ನಾನು ಕೇಳಿರಲಿಲ್ಲ. ಅವರು ಜೀವಮಾನವೆಲ್ಲ ಹಾಡಿದ್ದು ದೋಣಿಯ ಎಂಜಿನ್ನಿನ ಜೊತೆಗೆ. ಎಂಜಿನ್ ವೇಗ ಏರಿದಂತೆ ದನಿಯನ್ನೂ ಏರಿಸುವುದು ಅವರ ಗಂಟಲಿಗೆ ಅಭ್ಯಾಸವಾಗಿಹೋಗಿತ್ತು. ದಡದಲ್ಲಿ ಶುರುವಾದ ಶ್ರುತಿ ನಡುನೀರಿಗೆ ಬರುವಷ್ಟರಲ್ಲಿ ಕಿರುಬೆರಳಿನಗಲ ಮೇಲೇರುತ್ತಿತ್ತು. ನಮ್ಮ ಗಿಟಾರಿನ ಗೆರೆಗಳೂ ಅದನ್ನೇ ಮಾಡುತ್ತಿದ್ದವು! ಬೆರಳು ಏರಿದಂತೆ ತಂತಿ ಏರಿತು, ತಂತಿ ಏರಿದಂತೆ ಗಂಟಲು ಏರಿತು. ಎರಡೂ ಕೈಕೈ ಹಿಡಿದುಕೊಂಡು ಕಡಲು ದಾಟಿದವು. ಸುಡುಬಿಸಿಲಿನಲ್ಲಿ ಚಂದಿರನ ಹಾಡು! ಎದುರು ಮನೆಯವರು ಕಣ್ಣೊರೆಸಿಕೊಂಡರು.

ಹಾಡು ಮುಗಿದಾಗ ಮಮೆರ್ತೊ ಬೆವರು ಒರೆಸಿಕೊಳ್ಳುವುದನ್ನೂ ಮರೆತು ಗಿಟಾರನ್ನೇ ನೋಡುತ್ತಿದ್ದರು. "ಇಷ್ಟು ವರ್ಷಕ್ಕೆ ಒಂದು ಸರಿಯಾದ ಗಿಟಾರ್ ಸಿಕ್ತು!" ಎಂದರು.

ಅತ್ತೆ ಕೈ ಚಾಚಿ ಅದರ ಬೆನ್ನಿಗೆ ಟೊಕ್ ಟೊಕ್ ಎಂದು ಬಡಿದರು. ನಾನು ಉಸಿರು ಬಿಗಿಹಿಡಿದೆ.

"ಹೂಂ," ಎಂದರು ಅತ್ತೆ. ಆ ಹೂಂ ಗಿಟಾರಿಗೂ ಆಗಿತ್ತು, ಮಮೆರ್ತೊಗೂ ಆಗಿತ್ತು.

ಬೀದಿಯೆಲ್ಲ ಚಪ್ಪಾಳೆ! ನಾನು ಒಳಗೆ ಓಡಿಹೋಗಿ ಅತ್ತೆಯ ಟ್ರಂಕಿಗೆ ಹಗ್ಗ ಬಿಗಿದು ಹೊತ್ತು ತಂದೇಬಿಟ್ಟೆ. ಮದುವೆ ಈಸ್ಟರ್ ಕಳೆದ ಮೇಲಾದರೇನು, ಸಾಮಾನು ಮುಂಚೆಯೇ ಹೋದರೆ ತಪ್ಪೇನು?

"ಕೊನೇ ದೋಣಿ ಹೊರಡೋ ಹೊತ್ತಾಯ್ತು, ನಡೀರಿ, ನಾನೇ ದಡದವರೆಗೂ ಹೊತ್ಕೊಂಡು ಬರ್ತೀನಿ!" ಎಂದೆ.

ಮಮೆರ್ತೊ ನನ್ನನ್ನು ವಿಚಿತ್ರವಾಗಿ ನೋಡಿದರು. "ಒಲಾಂಗೊಗಾ? ಅಳಿಯಂದ್ರೇ, ಈ ಗಿಟಾರನ್ನ ಅಲ್ಲಿಗೆ ತಗೊಂಡು ಹೋಗೋಕ್ಕಾಗುತ್ತಾ? ಉಪ್ಪುಗಾಳಿಗೆ ಕೊರಳು ಬಾಗಿದ್ರೆ, ಬ್ರಿಡ್ಜ್ ಎದ್ರೆ ಯಾರ ಕೈಗೆ ಕೊಡ್ಲಿ? ಬೇರೆಯವರು ಯಾರಾದ್ರೂ ಮುಟ್ಟಿದ್ರೆ ಸರಿ ಮಾಡಿಬಿಡ್ತಾರೆ!"

"ಅಲ್ಲ, ಅದು..."

"ನೀವಿಬ್ರೂ ಇರೋ ಕಡೇನೇ ನಾವೂ ಇರ್ಬೇಕು. ಮದುವೆ ಆದ್ಮೇಲೆ ಇಲ್ಲೇ ಬಂದುಬಿಡ್ತೀನಿ. ನಂದೇನು ಹೆಚ್ಚಿಗೆ ಸಾಮಾನಿಲ್ಲ. ಒಂದು ಮಂಚ, ಒಂದು ದೋಣಿ ಎಂಜಿನ್ನು, ಮತ್ತೆ ನನ್ನ ಜೂಜಿನ ಹುಂಜಗಳು. ಹುಂಜಗಳಿಗೆ ಹೇಗೂ ನೀವು ಗೂಡು ಚೆನ್ನಾಗಿ ಮಾಡ್ತೀರಂತೆ, ಪೂರಿಂಗ್ ಹೇಳಿದಾಳೆ!"

ಹೊತ್ತ ಟ್ರಂಕು ನನ್ನ ತಲೆಯ ಮೇಲೇ ಉಳಿಯಿತು.

"ಮುಂದಿನ ಕೋಣೇಲಿ ಇಬ್ಬರಿಗೆ ಜಾಗ ಸಾಲಲ್ಲ," ಎಂದೆ ಕ್ಷೀಣವಾಗಿ.

"ಅದಕ್ಯಾಕೆ ಯೋಚ್ನೆ? ನಿಮ್ಮ ವರ್ಕ್‌ಶಾಪ್ ಇದ್ಯಲ್ಲ, ಬೇಕಾದಷ್ಟು ಅಗಲ ಇದೆ," ಎಂದರು ಅತ್ತೆ, ಕಿಟಕಿಯಿಂದಲೇ. "ಹೋಗಿ, ಮಂಚ ಎಲ್ಲಿ ಹಿಡಿಯುತ್ತೆ ಅಂತ ಅಳೀರಿ. ಅಳೆಯೋಕ್ಕೆ ತಾನೇ ಅಳಿಯ ಇರೋದು! ಇಂಚಲ್ಲಾದ್ರೂ ಸರಿ, ಮೀಟರಲ್ಲಾದ್ರೂ ಸರಿ. ಗಂಡ ಹೆಂಡ್ತಿ ಸೇರ್ಕೊಂಡು ಮಾತ್ರ ಅಳೀಬೇಡಿ!"

ಅತ್ತೆ ನಕ್ಕರು. ನಾನು ಅತ್ತೆ.