ಹವಳಕ್ಕೆ ಕವಳ

ಮನೆಯಲ್ಲಿ ಹಿರಿಯರಾದ ಮೇಲೆ ಬರುವ ದೊಡ್ಡ ರೋಗವೆಂದರೆ ತನಗೆ ಎಲ್ಲ ಗೊತ್ತಿದೆ ಎನ್ನುವುದು. ಮಂಡಿನೋವಿಗೆ ಹಚ್ಚಲು ಎಣ್ಣೆಯಾದರೂ ಇದೆ, ಇದಕ್ಕೆ ಅದೂ ಇಲ್ಲ. ನಾನು ಶಾಲೆಗೆ ಹೋದದ್ದು ಕಡಿಮೆ, ಹಾಗಾಗಿ ನನಗೆ ಈ ರೋಗ ತುಸು ಹೆಚ್ಚೇ ಅಂಟಿದೆ.

ನನ್ನ ಸೊಸೆ ವಿದ್ಯಾ ಹೊನ್ನಾವರದ ಕಾಲೇಜಿನಲ್ಲಿ ಪಾಠ ಹೇಳುವವಳು. ಮದುವೆಯಾಗಿ ಬಂದವಳೇ ಚಾವಡಿಯಲ್ಲಿ ಗಾಜಿನ ತೊಟ್ಟಿ ಇಡಿಸಿದಳು. ಅದರಲ್ಲಿ ಕಡಲಿನ ನೀರು, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು, ಮುಂಬಯಿಯ ಗೆಳತಿ ಕೊಟ್ಟ ಒಂದು ಹವಳ. ಬಂಗಡೆ ಎಂದರೆ ಬಾಣಲೆ ಕಾಯಿಸುವ ಮನೆಯಲ್ಲಿ ಮೀನಿಗೆ ದೀಪ, ಪಂಪು, ಉಪಚಾರ. ಮೀನು ಮಾರುವ ನಾಗವೇಣಿ ಬುಟ್ಟಿ ಇಳಿಸಿ ಇಣುಕಿದಳು. "ಎಂತ ಅಮ್ಮ, ನನ್ನ ಮೀನು ಸಾಲ್ದು ಅಂತ ಮನೇಲೇ ಬೆಳಸೂಕೆ ಶುರು ಮಾಡ್ದ್ರ?"

"ಇದು ಸಾರಿಗೆ ಆಗೂದಲ್ಲ ಮಾರಾಯ್ತಿ. ನಾವೇ ಇದ್ಕೆ ಬಡಿಸೂದು" ಎಂದೆ.

ಬಡಿಸುವುದೆಂದರೆ ಸುಲಭದ್ದಲ್ಲ. ಹವಳ ನೋಡಲು ಕಲ್ಲು, ಆದರೆ ಮೈಮೇಲೆ ಎಸಳು ಬಿಚ್ಚುವ, ಜೀವ ಇರುವಂಥದ್ದು. ಎಲುಬು ಕಟ್ಟಿಕೊಳ್ಳಲು ಅದಕ್ಕೆ ಸುಣ್ಣದ ಸತ್ವವೂ ಬೇಕು, ಸೋಡಾ ಪುಡಿಯ ಜಾತಿಯ ಕ್ಷಾರವೂ ಬೇಕು. ಒಂದು ಹೆಚ್ಚಾದರೆ ಕಷ್ಟ, ಇನ್ನೊಂದು ಕಡಿಮೆಯಾದರೆ ಕಷ್ಟ. ವಿದ್ಯಾ ತೊಟ್ಟಿಯ ನೀರನ್ನು ಸಣ್ಣ ಶೀಸೆಗೆ ತೆಗೆದು, ಔಷಧದ ಹನಿ ಬಿಟ್ಟು, ಬಣ್ಣ ಬದಲಾಗುವುದನ್ನು ನೋಡುತ್ತ ಕೂರುತ್ತಿದ್ದಳು. ನನ್ನ ಮಗನ ಮುಖವನ್ನೂ ಅಷ್ಟು ಹೊತ್ತು ನೋಡಿದ್ದಿಲ್ಲ. ಈ ತೊಟ್ಟಿ ಬಂದ ಮೇಲೆ ಅವಳು ಭಟ್ಕಳದ ತವರಿನಲ್ಲಿ ಒಂದು ರಾತ್ರಿಯೂ ಉಳಿದದ್ದಿಲ್ಲ. ನಂಬಿ ಬಿಟ್ಟುಹೋಗಲು ಯಾರಿದ್ದಾರೆ? ನನ್ನ ಮಗ ತನ್ನ ಊಟದ ಡಬ್ಬಿಯನ್ನೇ ಮರೆಯುವವನು.

ಅವಳ ತಂಗಿಯ ಸೀಮಂತ ಬಂತು. ನಾನೇ ಮುಂದೆ ಬಿದ್ದು, "ನೀನು ಹೋಗು, ನಾನು ನೋಡ್ಕಂತೆ" ಎಂದೆ.

"ಅತ್ತೆ, ನೀಲಿ ಮುಚ್ಚಳದ ಬಾಟಲಿ ಸುಣ್ಣದ್ದು, ಬೆಳಿಗ್ಗೆ. ಕೆಂಪು ಮುಚ್ಚಳದ್ದು ಕ್ಷಾರ, ಸಂಜೆ. ಒಂದೊಂದೇ ಮುಚ್ಚಳ. ಒಟ್ಟಿಗೆ ಮಾತ್ರ ಬ್ಯಾಡ."

"ನಾಕು ಮಕ್ಕಳನ್ನ ಸಾಕಿದೋಳು ನಾನು. ಒಂದು ಕಲ್ಲು ಸಾಕೂದು ಎಂತ ದೊಡ್ಡ ಕೆಲ್ಸ?"

ಅವಳು ಹೋದ ಮಾರನೆಯ ದಿನ ಸಂಜೆ ಪಕ್ಕದ ಮನೆಯಲ್ಲಿ ಭಜನೆ ಇತ್ತು. ಹೊರಡುವ ಮೊದಲು ಎಲೆ ಅಡಿಕೆಯ ಕವಳ ಹಾಕುತ್ತ ಜಗಲಿಯಲ್ಲಿ ಕುಳಿತು ಯೋಚಿಸಿದೆ. ಎಲೆಯನ್ನು ಬೆಳಿಗ್ಗೆ ತಿಂದು ಸುಣ್ಣವನ್ನು ಸಂಜೆ ನೆಕ್ಕಿದರೆ ಬಾಯಿ ಕೆಂಪಾಗುತ್ತದೆಯೇ? ಕೂಡಿದರೇ ಅಲ್ಲವೇ ಗುಣ? ಕಲಿತವರಿಗೆ ಇಷ್ಟೂ ಹೊಳೆಯುವುದಿಲ್ಲ. ಎದ್ದು ಹೋಗಿ ಎರಡೂ ಬಾಟಲಿಯದನ್ನು ಒಂದು ಲೋಟಕ್ಕೆ ಬಗ್ಗಿಸಿದೆ. ಮುಚ್ಚಳದಲ್ಲಿ ಅಳೆದು ಬಡಿಸುವ ಕೈ ನನ್ನದಲ್ಲ, ಧಾರಾಳವಾಗಿಯೇ ಬಗ್ಗಿಸಿದೆ. ಲೋಟ ಹಾಲಿನಂತೆ ಬೆಳ್ಳಗಾಯಿತು. ಒಳ್ಳೆಯ ಲಕ್ಷಣ ಎಂದು ತೊಟ್ಟಿಗೆ ಸುರಿದೆ.

ನೋಡುನೋಡುತ್ತ ಇಡೀ ತೊಟ್ಟಿ ಅಕ್ಕಿ ತೊಳೆದ ನೀರಾಯಿತು. ಮೀನು ಕಾಣಿಸಲಿಲ್ಲ. ಗಾಜಿಗೆ ಮೂಗು ಒತ್ತಿ ನೋಡಿದರೆ ಹವಳ ಮುದುಡಿಕೊಂಡು ಒಣ ಕಲ್ಲಿನ ಹಾಗಿತ್ತು. ಬಾಯಲ್ಲಿದ್ದ ಕವಳ ಉಗುಳುವುದೋ ನುಂಗುವುದೋ ತಿಳಿಯಲಿಲ್ಲ.

ಕರೆಂಟು ಹೋಗಿತ್ತು ಎಂದು ಹೇಳಿಬಿಡಲೇ ಅನಿಸಿತು. ನಮ್ಮೂರಿನಲ್ಲಿ ಆ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಆದರೆ ರೋಗ ಮುಚ್ಚಿಟ್ಟರೆ ಮದ್ದು ಸಿಗುವುದು ಹೇಗೆ? ಹವಳ ಸತ್ತರೆ ಆ ಹುಡುಗಿ ಮತ್ತೆಂದೂ ನೆಮ್ಮದಿಯಿಂದ ತವರಿಗೆ ಹೋಗಲಾರಳು. ಫೋನು ಹಚ್ಚಿದೆ.

"ಎರಡೂ ಒಟ್ಟಿಗೇ ಹಾಕಿದ್ರಾ?" ಅವಳ ದನಿ ಸಣ್ಣದಾಗಿತ್ತು.

"ಹೌದು. ಕವಳ ಹಾಕ್ದ ಹಾಗೆ ಹಾಕ್ದೆ."

"ಮತ್ತೆಂತ ಹಾಕಿದ್ರಿ?"

"ಅಡಿಕೆ ಒಂದು ಹಾಕ್ಲಿಲ್ಲ."

ಆ ಕಡೆಯಿಂದ ಬಿಕ್ಕಿದಂಥ ಸದ್ದು ಬಂತು. ಅತ್ತಳೋ ಎಂದುಕೊಂಡೆ, ನಗುತ್ತಿದ್ದಳು. ಎರಡೂ ಕೂಡಿದರೆ ಸುಣ್ಣ ಕಲ್ಲಿನ ಪುಡಿಯಾಗಿ ತಳ ಸೇರುತ್ತದಂತೆ, ಹವಳದ ಹೊಟ್ಟೆಗೆ ಏನೂ ಸಿಗುವುದಿಲ್ಲವಂತೆ. ಪಂಪು ನಿಲ್ಲಿಸಬೇಡಿ, ಬಾಟಲಿ ಮುಟ್ಟಬೇಡಿ, ನೀರು ಬದಲಿಸಿ ಎಂದಳು. ಮಳೆಗಾಲದಲ್ಲಿ ಶರಾವತಿ ಸೇರಿ ಕಡಲ ನೀರೂ ಸಪ್ಪೆಯಾಗುತ್ತದೆಂದು ಅವಳು ಮೊದಲೇ ಉಪ್ಪುನೀರು ತಂದು ತುಂಬಿಸಿಟ್ಟಿದ್ದ ಡ್ರಮ್ಮು ಹಿತ್ತಲಲ್ಲಿತ್ತು. ಮಗ ಬಂದ. "ಆಯಿ, ಭಜನೆಗೆ ಹೋಗೂದಿಲ್ವ?" ಎಂದು ಕೇಳಿದ. "ಇಲ್ಲೇ ಮಾಡ್ತಾ ಇದ್ದೆ, ನೀ ನೀರು ಎತ್ತು" ಎಂದೆ.

ಬೆಳಿಗ್ಗೆ ಎದ್ದು ನೋಡಿದರೆ ನೀರು ತಿಳಿಯಾಗಿತ್ತು. ತಳದಲ್ಲಿ ಬಿಳಿ ಹುಡಿ, ಮೇಲೆ ಎರಡು ಮೀನು. ಬಿಸಿಲೇರುವ ಹೊತ್ತಿಗೆ ಹವಳ ಒಂದೊಂದೇ ಎಸಳು ಬಿಚ್ಚಿತು. ನಾಲ್ಕು ಹೆರಿಗೆಯಲ್ಲೂ ನಾನು ಇಷ್ಟು ದೊಡ್ಡ ಉಸಿರು ಬಿಟ್ಟದ್ದಿಲ್ಲ. ಫೋನು ಮಾಡಿ, "ನಿನ್ನ ಕಲ್ಲು ಬದುಕಿತ್ತು. ಸೀಮಂತ ಮುಗಿಸ್ಕಂಡೇ ಬಾ" ಎಂದೆ.

ಈಗ ಅವಳು ಆಗಾಗ ತವರಿಗೆ ಹೋಗುತ್ತಾಳೆ. ಬೆಳಗಿನ ಬಾಟಲಿ ನನ್ನ ಕೈಗೆ, ಸಂಜೆಯದು ಮಗನ ಕೈಗೆ ಕೊಟ್ಟು ಹೋಗುತ್ತಾಳೆ. ನನ್ನ ಪಾಲಿನದು ಮುಗಿಸಿ ನಾನು ಸುಮ್ಮನಿರಬಹುದು. ಆದರೂ ಸಂಜೆ ಅವನು ಮುಚ್ಚಳ ತಿರುಗಿಸುವಾಗ ಅವನ ಬೆನ್ನ ಹಿಂದೆಯೇ ನಿಂತಿರುತ್ತೇನೆ. ಎಷ್ಟೆಂದರೂ ನನ್ನ ಮಗ, ಯಾವ ಹೊತ್ತಿಗೆ ನನ್ನ ಹಾಗೆ ಬುದ್ಧಿವಂತನಾಗಿಬಿಡುತ್ತಾನೋ ಹೇಳಲಾಗದು.